ಪು. ಮಾ. ಕೋಶ ಅಂಟು, ಒಂದು ಸೀಸೆ

ಬೆಳಿಗ್ಗೆ ಹತ್ತೂವರೆಗೆ ಪುಟ್ಟಿಯ ಕೈಯಲ್ಲಿದ್ದ ನಳಿಕೆಯಲ್ಲಿ ಸುಮಾರು ಹತ್ತು ಲಕ್ಷ ಜೀವಕೋಶಗಳು ತೇಲುತ್ತಿದ್ದವು. ಅವನ್ನು ಅಂಟಿಸಲು ಬೇಕಾದ ಸೀಸೆ ಮಾತ್ರ ಫ್ರಿಜ್ಜಿನಲ್ಲಿ ಇರಲಿಲ್ಲ.

ಕರೆಯುವುದು ಪುಟ್ಟಿ ಎಂದು; ವಯಸ್ಸು ಮೂವತ್ತೊಂದು, ಎತ್ತರ ಐದಡಿ ಒಂಬತ್ತಂಗುಲ. ಸಂಶೋಧನಾ ಸಂಸ್ಥೆಯ ಮೂರನೇ ಮಹಡಿಯಲ್ಲಿ ಮನುಷ್ಯರ ಚರ್ಮದ ಕೋಶಗಳನ್ನು ಬೆಳೆಸುವುದು ಆಕೆಯ ಕೆಲಸ. ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾದವರು ಒಪ್ಪಿಗೆ ಬರೆದುಕೊಟ್ಟರೆ, ಹೇಗೂ ಎಸೆಯುವ ಚರ್ಮದಲ್ಲಿ ಅಂಚೆಚೀಟಿಯಷ್ಟು ಒಂದು ಚೂರು ಆಕೆಗೆ ಬರುತ್ತದೆ. ಅದನ್ನು ಕಿಣ್ವದಲ್ಲಿ ನೆನೆಹಾಕಿ, ಮೇಲ್ಪದರ ಸುಲಿದು, ಬಿಡಿಬಿಡಿ ಮಾಡಿದರೆ ಕೋಶಗಳು ಗುಲಾಬಿ ಬಣ್ಣದ ದ್ರವದಲ್ಲಿ ತೇಲುತ್ತವೆ. ತೇಲುವುದು ಅವಕ್ಕೆ ಒಗ್ಗದ ಕೆಲಸ. ಚರ್ಮದ ಕೋಶಕ್ಕೆ ಕಾಲೂರಲು ಜಾಗ ಬೇಕು. ಸಿಗದಿದ್ದರೆ ಕೆಲವೇ ಗಂಟೆಗಳಲ್ಲಿ ಅದು ಬೆಳೆಯುವ ಶಕ್ತಿ ಕಳೆದುಕೊಂಡು, ಉದುರಲು ಸಿದ್ಧವಾದ ಹೊಟ್ಟಿನಂತಾಗುತ್ತದೆ. ಐಸಿನ ಮೇಲಿಟ್ಟರೆ ಸ್ವಲ್ಪ ತಡೆಯುತ್ತದೆ, ಅಷ್ಟೆ. ಪುಟ್ಟಿ ಹಾಕಿಕೊಂಡ ಗಡುವು ಮಧ್ಯಾಹ್ನ ಒಂದು ಗಂಟೆ.

ಕಾಣೆಯಾದ ಸೀಸೆಯಲ್ಲಿದ್ದದ್ದು ಫೈಬ್ರೊನೆಕ್ಟಿನ್ ಎಂಬ ಪ್ರೋಟೀನು. ನಮ್ಮೆಲ್ಲರ ರಕ್ತದಲ್ಲೂ ಚರ್ಮದ ಅಡಿಯಲ್ಲೂ ಇರುವಂಥದ್ದು. ಕೋಶಗಳು ತಾವು ಕೂತ ಜಾಗವನ್ನು ಹಿಡಿದುಕೊಳ್ಳುವುದು ಇಂಥ ಪ್ರೋಟೀನುಗಳ ಮೂಲಕ. ಇದನ್ನು ಯಾರ ರಕ್ತದಿಂದಲೂ ತೆಗೆದಿರಲಿಲ್ಲ. ಮನುಷ್ಯನ ವಂಶವಾಹಿಯನ್ನು ಬೇರೊಂದು ಜೀವಿಯ ಕೋಶಕ್ಕೆ ಸೇರಿಸಿ, ಅದರ ಕೈಯಲ್ಲಿ ಮಾಡಿಸಿ, ಶುದ್ಧ ಮಾಡಿ, ಒಣಗಿಸಿ ಸೀಸೆಗೆ ತುಂಬಿದ್ದರು. ಹೀಗೆ ಮಾಡಿದ್ದಕ್ಕೆ ಪುನರ್ಸಂಯೋಜಿತ ಎನ್ನುತ್ತಾರೆ. ಇದ್ದದ್ದು ನೂರು ಮೈಕ್ರೋಗ್ರಾಂ, ಸಕ್ಕರೆಯ ಒಂದು ಹರಳಿನ ಆರನೇ ಒಂದು ಪಾಲು. ಬರಿಗಣ್ಣಿಗೆ ಸೀಸೆ ಖಾಲಿ.

ಹಿಂದಿನ ಎರಡು ಸಲವೂ ಪುಟ್ಟಿ ಕೋಶಗಳನ್ನು ಬರೀ ಪ್ಲಾಸ್ಟಿಕ್ ತಟ್ಟೆಯ ಮೇಲೆ ಬಿಟ್ಟಿದ್ದಳು. ನೂರಕ್ಕೆ ಹತ್ತೂ ಅಂಟಲಿಲ್ಲ. ವಿಭಾಗದ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ದೊಡ್ಡ ಮೇಡಂ, ಒಂದೇ ಮಾತು ಹೇಳಿದ್ದರು: "ಮೂರನೇದೂ ಹೀಗೇ ಆದ್ರೆ ಈ ಕೆಲಸ ಇಲ್ಲಿಗೆ ಮುಚ್ಚೋಣ. ನಿನ್ನ ಟೇಬಲ್ಲು ಬೂಷ್ಟಿನವರಿಗೆ ಬೇಕಂತೆ." ಬೂಷ್ಟಿನವರು ಎಂದರೆ ಪಕ್ಕದ ಕೋಣೆಯಲ್ಲಿ ಶಿಲೀಂಧ್ರಗಳ ಮೇಲೆ ಕೆಲಸ ಮಾಡುವವರು. ಅವರಲ್ಲೊಬ್ಬರು ಆಗಲೇ ಅಳತೆಯ ಟೇಪು ತಂದು ಪುಟ್ಟಿಯ ಟೇಬಲ್ಲಿನ ಉದ್ದ ಬರೆದುಕೊಂಡು ಹೋಗಿದ್ದರು. ಅಗಲ ಕೇಳಲು ಮತ್ತೆ ಬಂದಿದ್ದರು.

ಹಿಂದಿನ ದಿನ ಪುಟ್ಟಿ ಉಗ್ರಾಣಕ್ಕೆ ಫೋನು ಮಾಡಿ ವಿಚಾರಿಸಿಕೊಂಡೇ ಚರ್ಮವನ್ನು ನೆನೆಹಾಕಿದ್ದಳು. ಸಂಸ್ಥೆಯ ಉಗ್ರಾಣ ನೋಡಿಕೊಳ್ಳುವುದು ಆಕೆಯ ತಾಯಿ. ಕಚೇರಿಯಲ್ಲಿ ಅವರಿಗೆ ಸ್ಟೋರಮ್ಮ ಎಂದು ಹೆಸರು.

"ಅಮ್ಮಾ, ನನ್ನ ಅಂಟು ಬಂತಾ?"

"ಅಂಟು ಬಂದಿದೆ. ಸೇರಬೇಕಾದ ಕಡೆ ಸೇರಿಸಿದ್ದೀನಿ. ಆಫೀಸ್ ಫೋನಲ್ಲಿ ಅಮ್ಮಾ ಗಿಮ್ಮಾ ಅನ್ಬೇಡ."

ಸೇರಬೇಕಾದ ಕಡೆ ಎಂದರೆ ಮೂರನೇ ಮಹಡಿಯ ಫ್ರಿಜ್ಜು ಎಂದು ಪುಟ್ಟಿ ತಿಳಿದುಕೊಂಡಿದ್ದಳು. ಈಗ ಆಕೆ ನಳಿಕೆಯನ್ನು ಐಸಿನಲ್ಲಿ ಹೂತು, ಲಿಫ್ಟಿಗೆ ಕಾಯದೆ ಮೆಟ್ಟಿಲು ಇಳಿದಳು.

ಉಗ್ರಾಣದ ಕಿಟಕಿಗೆ ಕಬ್ಬಿಣದ ಜಾಲರಿ. ಜಾಲರಿಯಲ್ಲಿ ಒಂದು ಕೈ ಹಿಡಿಸುವಷ್ಟು ಸಂದಿ. ಸ್ಟೋರಮ್ಮ ಆ ಸಂದಿಯ ಹಿಂದೆ ಇಪ್ಪತ್ತಾರು ವರ್ಷಗಳಿಂದ ಕೂತಿದ್ದಾರೆ. ಆ ಸಂದಿಯಿಂದ ಚೀಟಿಯಿಲ್ಲದೆ ಒಂದು ಗುಂಡುಪಿನ್ನೂ ಹೊರಗೆ ಹೋಗಿದ್ದಿಲ್ಲ. ಮಗಳು ಕೆಲಸಕ್ಕೆ ಸೇರಿದ ಮೇಲಂತೂ ಚೀಟಿಯನ್ನು ಎರಡು ಸಲ ಓದುತ್ತಾರೆ.

"ಅಮ್ಮಾ, ಸೀಸೆ ಎಲ್ಲಿ?"

"ಚೀಟಿ ಎಲ್ಲಿ?"

"ಚೀಟಿ ಹೋದ ತಿಂಗಳೇ ಕೊಟ್ಟಿದ್ದೀನಲ್ಲಮ್ಮ. ನಿನ್ನೆ ನೀನೇ ಬಂದಿದೆ ಅಂದೆ."

"ಬಂದಿದೆ ಅಂದೆ. ನಿಂಗೆ ಬಂದಿದೆ ಅಂದ್ನಾ?" ಸ್ಟೋರಮ್ಮ ಕನ್ನಡಕ ಏರಿಸಿ ಪುಸ್ತಕ ತೆರೆದರು. ಬೆರಳು ಒಂದು ಸಾಲಿನ ಮೇಲೆ ನಿಂತಿತು. "ನೋಡು. ಪು. ಮಾ. ಕೋಶ ಅಂಟು, ಒಂದು ಸೀಸೆ. ಲೈಬ್ರರಿಗೆ ಹೋಗಿದೆ. ಬೈಂಡರ್ ಸಹಿ ಇದೆ."

"ಲೈಬ್ರರಿಗಾ? ಯಾಕೆ?"

"ಪುಸ್ತಕಮಾಲೆ ಕೋಶಕ್ಕೆ ಅಂಟು ಇನ್ನೆಲ್ಲಿಗೆ ಹೋಗ್ಬೇಕು, ಅಡುಗೆಮನೆಗಾ? ವಿಶ್ವಕೋಶದ ಹದಿನೆಂಟು ಸಂಪುಟ ಬೆನ್ನು ಕಿತ್ಕೊಂಡು ಬಿದ್ದಿದೆ, ಅಂಟು ಕೊಡಿ ಅಂಟು ಕೊಡಿ ಅಂತ ಮೂರು ತಿಂಗಳಿಂದ ನಿಮ್ಮ ಮಾವ ನನ್ನ ತಲೆ ತಿಂತಿಲ್ವಾ?"

ಪುಟ್ಟಿ ಜಾಲರಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಪುಸ್ತಕಮಾಲೆ ಅಲ್ಲಮ್ಮಾ! ಪುನರ್ಸಂಯೋಜಿತ ಮಾನವ! ಕೋಶ ಅಂದ್ರೆ ಜೀವಕೋಶ!"

"ಅಷ್ಟುದ್ದ ಇರೋದನ್ನ ಎರಡಕ್ಷರಕ್ಕೆ ಇಳಿಸಿದ್ದು ಯಾರು?"

"ನಿನ್ನ ಫಾರಮ್ಮಲ್ಲಿ ಆ ಖಾನೆ ಒಂದೂವರೆ ಅಂಗುಲ ಇದೆ. ಅದ್ರಲ್ಲಿ ಇನ್ನೇನು ಬರೀಲಿ?"

"ಖಾನೆ ಸಣ್ಣದು ಅಂತ ಅರ್ಜಿ ಕೊಡ್ಬೇಕಿತ್ತು. ಅದಕ್ಕೂ ಫಾರಂ ಇದೆ."

"ಸೀಸೆ ನೋಡಿದ್ರೆ ಗೊತ್ತಾಗ್ಲಿಲ್ವಾ? ಹೆಬ್ಬೆರಳಷ್ಟಿದೆ. ಅಷ್ಟರಲ್ಲಿ ಹದಿನೆಂಟು ಸಂಪುಟ ಅಂಟುತ್ತಾ?"

"ನೋಡಿದೆ. ಸೀಲು ಸರಿ ಇತ್ತು, ನಂಬರು ಸರಿ ಇತ್ತು. ಒಳಗೆ ನೋಡಿದ್ರೆ ಖಾಲಿ." ಸ್ಟೋರಮ್ಮ ದನಿ ತಗ್ಗಿಸಿದರು. "ನಿಜ ಹೇಳ್ಬೇಕು ಅಂದ್ರೆ, ಬೀಗರಿಗೆ ಖಾಲಿ ಸೀಸೆ ಹೋಗ್ತಾ ಇದೆಯಲ್ಲಾ ಅಂತ ಮನಸ್ಸಿಗೆ ಸ್ವಲ್ಪ ಹಿತವಾಗೇ ಇತ್ತು."

ಇಲ್ಲಿ ಒಂದು ಮಾತು ಹೇಳಬೇಕು. ಗ್ರಂಥಾಲಯದಲ್ಲಿ ಪುಸ್ತಕ ಕಟ್ಟುವವರು ಪುಟ್ಟಿಯ ಗಂಡನ ತಂದೆ. ಎರಡು ಮನೆಗಳ ನಡುವೆ ಮದುವೆಯ ದಿನದಿಂದ ಇಂದಿನವರೆಗೆ ಯಾವ ತಕರಾರೂ ಇಲ್ಲ. ಉಗ್ರಾಣಕ್ಕೂ ಗ್ರಂಥಾಲಯಕ್ಕೂ ಮಾತ್ರ ಮಾತಿಲ್ಲ. ಬೀಗರು ಕೇಳಿದ್ದು ಸರೇಸು, ಅಂದರೆ ಚರ್ಮ ಮೂಳೆ ಕುದಿಸಿ ಮಾಡುವ ಹಳೆಯ ಕಾಲದ ಅಂಟು. ಬೀಗಿತ್ತಿ ಕೊಟ್ಟದ್ದು ಶಾಲೆಯ ಮಕ್ಕಳು ಬಳಸುವ ಬಿಳಿ ಗೋಂದಿನ ಡಬ್ಬ. ಅಂದಿನಿಂದ ಭಾನುವಾರ ಒಂದೇ ಮೇಜಿನಲ್ಲಿ ನಗುತ್ತ ಊಟ ಮಾಡುವ ಇಬ್ಬರು ಸೋಮವಾರದಿಂದ ಶನಿವಾರದವರೆಗೆ ಪತ್ರಮುಖೇನ ಜಗಳವಾಡುತ್ತಾರೆ.

ಪುಟ್ಟಿ ಗ್ರಂಥಾಲಯದ ನೆಲಮಾಳಿಗೆ ತಲುಪಿದಾಗ ಹನ್ನೊಂದು ಗಂಟೆ. ದಾರಿಯುದ್ದಕ್ಕೂ ಆಕೆಯ ತಲೆಯಲ್ಲಿ ಒಂದೇ ಚಿತ್ರ: ಮಾವ ಸೀಸೆಗೆ ಬಿಸಿನೀರು ಸುರಿದು, ಗಡಗಡ ಕುಲುಕಿ, ಬ್ರಷ್ಷಿನಿಂದ ವಿಶ್ವಕೋಶದ ಬೆನ್ನಿಗೆ ಬಳಿಯುತ್ತಿರುವುದು. ಈ ಪ್ರೋಟೀನನ್ನು ಕುಲುಕಿದರೆ ಅದು ಎಳೆ ಎಳೆಯಾಗಿ ಗಂಟು ಕಟ್ಟುತ್ತದೆ. ಬಿಸಿ ತಾಗಿದರೆ ಕತೆಯೇ ಮುಗಿಯಿತು.

ಬೈಂಡರ್ ಮಾವ ಮೇಜಿನ ಮುಂದೆ ಕೂತು ಪತ್ರ ಬರೆಯುತ್ತಿದ್ದರು. ಸುತ್ತ ರಟ್ಟು, ದಾರದ ಉಂಡೆ, ದಬ್ಬಳ. ಒತ್ತುಯಂತ್ರದ ಕೆಳಗೆ ಮೂರು ದಪ್ಪ ಪುಸ್ತಕಗಳು ಉಸಿರು ಬಿಗಿಹಿಡಿದಿದ್ದವು. ಮೇಜಿನ ನಡುವೆ ಒಂದು ಕಾಗದದ ಲೋಟವನ್ನು ಕವುಚಿ ಇಟ್ಟಿದ್ದರು. ಅದರ ಮೇಲೆ 'ಸಾಕ್ಷ್ಯ' ಎಂದು ಬರೆದಿತ್ತು.

"ಬಾಮ್ಮಾ, ಬಾ. ಒಳ್ಳೇ ಸಮಯಕ್ಕೆ ಬಂದೆ. ಇದನ್ನ ಕೇಳು." ಮಾವ ಪತ್ರ ಎತ್ತಿ ಓದಿದರು. "ಮಾನ್ಯರೇ, ತಾವು ಕಳಿಸಿದ ಅಂಟು ಅಂಟುವುದಿಲ್ಲ. ಹೇಗಿದೆ? ಇನ್ನೂ ಸ್ವಲ್ಪ ಖಾರ ಬೇಕಾ?"

"ಮಾವಾ, ಆ ಸೀಸೆ ಎಲ್ಲಿ? ಅದಕ್ಕೇನು ಮಾಡಿದ್ರಿ?"

"ನೀರು ಹಾಕಿದೆ."

ಪುಟ್ಟಿ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟಳು. "ಬಿಸಿನೀರಾ?"

"ಬಿಸಿನೀರಾ!" ಮಾವನಿಗೆ ಬೇಸರವೇ ಆಯಿತು. "ನಲವತ್ತು ವರ್ಷ ಸರೇಸು ಕಲಸಿದ ಕೈ ಇದು. ಒಣಗಿದ ಅಂಟಿಗೆ ಮೊದ್ಲು ತಣ್ಣೀರು. ಅದು ತಾನಾಗೇ ಕುಡೀಬೇಕು. ಅರ್ಧ ಗಂಟೆ ಮುಟ್ಬಾರದು."

"ಕುಲುಕಿದ್ರಾ?"

"ಯಾರಾದ್ರೂ ಅಂಟನ್ನ ಕುಲುಕ್ತಾರಾ? ನೊರೆ ಬಂದ್ರೆ ಹಾಳು. ಅಲ್ದೆ ಅದ್ರ ಜೊತೆ ಒಂದು ಕಾಗದ ಇತ್ತು. ಭಾಷೆ ನಂಗೆ ಗೊತ್ತಿಲ್ಲ, ಚಿತ್ರ ಗೊತ್ತಾಗುತ್ತಲ್ಲ. ಕುಲುಕೋ ಕೈಗೆ ಅಡ್ಡಗೆರೆ ಎಳೆದಿದ್ರು. ಪರ್ವಾಗಿಲ್ಲ, ಯಾರೋ ತಿಳಿದವರು ಮಾಡಿದ್ದಾರೆ ಅಂದ್ಕೊಂಡೆ."

"ಯಾವ ನೀರು? ನಲ್ಲೀದಾ?"

"ನಲ್ಲಿ ನೀರಲ್ಲಿ ಕಬ್ಬಿಣ ಇರುತ್ತಮ್ಮಾ. ಕಾಗದದ ಮೇಲೆ ಕಂದು ಚುಕ್ಕೆ ಏಳುತ್ತೆ. ನಾನು ಬಳಸೋದು ಬಟ್ಟಿ ಇಳಿಸಿದ ನೀರು ಮಾತ್ರ. ಕಾಗದದಲ್ಲಿ ಒಂದು ಮಿಲಿಲೀಟರ್ ಅಂತ ಇತ್ತು. ಕಣ್ಣಿನ ಔಷಧಿ ಹಾಕೋ ಹೊಸ ಡ್ರಾಪರಲ್ಲಿ ಇಪ್ಪತ್ತು ತೊಟ್ಟು ಎಣಿಸಿ ಹಾಕಿದೆ. ಇಪ್ಪತ್ತು ತೊಟ್ಟಿಗೆ ಒಂದು ಮಿಲಿಲೀಟರ್, ಸರಿ ತಾನೆ?"

ಸರಿಯಾಗಿತ್ತು. ಪುಟ್ಟಿ ತಾನೇ ಮಾಡಿದ್ದರೂ ಇದಕ್ಕಿಂತ ಹೆಚ್ಚೇನೂ ಮಾಡುತ್ತಿರಲಿಲ್ಲ. ನೀರು ಮಾತ್ರ ಸೂಕ್ಷ್ಮಾಣುಮುಕ್ತವಾಗಿರಬೇಕಿತ್ತು. ಅದಕ್ಕೊಂದು ದಾರಿ ಇತ್ತು.

"ಆಮೇಲೆ?"

"ಆಮೇಲೇನು, ಪರೀಕ್ಷೆ." ಮಾವ ಹೆಬ್ಬೆರಳನ್ನೂ ತೋರುಬೆರಳನ್ನೂ ತಾಗಿಸಿ ಬಿಡಿಸಿ ತೋರಿಸಿದರು. "ಒಂದು ತೊಟ್ಟು ಬೆರಳಿಗೆ ಹಾಕಿ ನೋಡಿದೆ. ಒಳ್ಳೇ ಅಂಟಾದ್ರೆ ಬಿಡಿಸುವಾಗ ದಾರ ಎಳೆಯುತ್ತೆ. ಇದು ಏನೂ ಇಲ್ಲ. ಬರೀ ನೀರು. ಚೆಲ್ಲಿಬಿಡ್ತಿದ್ದೆ, ನಾಳೆ ನಿಮ್ಮಮ್ಮ ನಾನು ಕಳಿಸಿದ್ದು ಚೆನ್ನಾಗೇ ಇತ್ತು ಅಂತಾರೆ. ಅದಕ್ಕೇ ಸಾಕ್ಷಿಗೆ ಇಟ್ಟಿದ್ದೀನಿ. ಲೋಟದ ಕೆಳಗಿದೆ, ಧೂಳು ಬೀಳ್ಬಾರ್ದು ಅಂತ."

ಪುಟ್ಟಿ ಲೋಟಕ್ಕೆ ಕೈ ಚಾಚಿದಳು. ಮಾವ ಅದರ ಮೇಲೆ ಅಂಗೈ ಇಟ್ಟರು.

"ಇದು ಸಾಕ್ಷಿ."

"ಮಾವಾ, ಅದು ನಂದು. ತಪ್ಪಿ ನಿಮ್ಮ ಹತ್ರ ಬಂದಿದೆ." ಆಕೆ ಪು. ಮಾ. ಕತೆಯನ್ನು ಒಂದೇ ಉಸಿರಿಗೆ ಹೇಳಿದಳು. ಮಧ್ಯಾಹ್ನ ಒಂದು ಗಂಟೆಗೆ ಮೊದಲು ಕೋಶಗಳು ತಟ್ಟೆ ಸೇರಬೇಕು, ಅದಕ್ಕೂ ಮುಂಚೆ ತಟ್ಟೆಗೆ ಇದನ್ನು ಹಾಕಿ ಒಂದು ತಾಸು ಬಿಡಬೇಕು, ಇಲ್ಲದಿದ್ದರೆ ಟೇಬಲ್ಲು ಬೂಷ್ಟಿನವರ ಪಾಲು ಎಂದೂ ಹೇಳಿದಳು.

ಮಾವ ಗಮನವಿಟ್ಟು ಕೇಳಿದರು. ಅವರ ಮುಖ ನಿಧಾನವಾಗಿ ಅರಳಿತು. "ಹಾಗಾದ್ರೆ ತಪ್ಪು ಬೀಗಿತ್ತಿಯವರದ್ದು!"

"ಯಾರದ್ದೋ ಒಂದು. ಸೀಸೆ ಕೊಡಿ."

"ಕೊಡ್ತೀನಮ್ಮಾ, ಕೊಡದೆ ಇರ್ತೀನಾ? ಉಗ್ರಾಣದಿಂದ ತಪ್ಪಾಗಿದೆ ಅಂತ ಒಂದೇ ಒಂದು ಸಾಲು ಬಂದ್ರೆ ಸಾಕು. ಬಾಯಲ್ಲಿ ಹೇಳಿದ್ರೂ ಆಯ್ತು. ಮೂರು ತಿಂಗಳಿಂದ ಕಾಯ್ತಿದ್ದೀನಿ."

ಪುಟ್ಟಿ ಮಾವನ ಮೇಜಿನ ಫೋನಿನಿಂದಲೇ ತಾಯಿಗೆ ಕರೆ ಮಾಡಿ, ಸ್ಪೀಕರ್ ಒತ್ತಿದಳು.

"ಅಮ್ಮಾ, ಸೀಸೆ ಸಿಕ್ತು. ತಪ್ಪಾಯ್ತು ಅಂತ ಒಂದು ಮಾತು ಹೇಳಿಬಿಡು, ಮಾವ ಕೊಡ್ತಾರಂತೆ."

"ಉಗ್ರಾಣದಲ್ಲಿ ಬರೆದದ್ದು ಚೀಟಿಯಲ್ಲಿದ್ದ ಹಾಗೇ ಇದೆ. ತಪ್ಪಾಗಿಲ್ಲ."

"ಬೀಗಿತ್ತಿಯವರೇ," ಮಾವ ಫೋನಿನತ್ತ ಬಗ್ಗಿ ಸಿಹಿಯಾಗಿ ಹೇಳಿದರು, "ಮನುಷ್ಯರ ಕೋಶ ಯಾವುದು, ಪುಸ್ತಕದ ಕೋಶ ಯಾವುದು ಅಂತ ಗೊತ್ತಾಗ್ದೆ ಇರೋದು ದೊಡ್ಡ ವಿಷ್ಯ ಅಲ್ಲ ಬಿಡಿ. ವಯಸ್ಸಾದ ಮೇಲೆ ಹಾಗೇ."

"ಖಾಲಿ ಸೀಸೆಗೆ ಸಹಿ ಹಾಕಿ ತಗೊಂಡೋರು ಯಾರು ಬೀಗರೇ? ನಿಮಗಿಂತ ಮೂರು ವರ್ಷ ಚಿಕ್ಕೋಳು ನಾನು."

"ನೋಡಿದ್ಯಾ," ಎಂದರು ಮಾವ ಪುಟ್ಟಿಗೆ. ಫೋನಿನ ಆ ಕಡೆಯಿಂದಲೂ "ನೋಡಿದ್ಯಾ" ಎಂಬ ದನಿ ಬಂತು.

ಗಂಟೆ ಹನ್ನೊಂದೂ ಇಪ್ಪತ್ತು. ಪುಟ್ಟಿ ಮಾವನ ಪೆನ್ನು ಕಸಿದುಕೊಂಡಳು. ದೂರುಪತ್ರದ ಕೆಳಗೆ ದೊಡ್ಡ ಅಕ್ಷರದಲ್ಲಿ ಬರೆದಳು: 'ಪುನರ್ಸಂಯೋಜಿತ ಮಾನವ ಎಂದು ಪೂರ್ತಿ ಬರೆಯದೆ ಪು. ಮಾ. ಎಂದು ಬರೆದವಳು ನಾನು. ತಪ್ಪು ನನ್ನದು.' ಸಹಿ, ತಾರೀಕು, ವೇಳೆ ಹಾಕಿದಳು.

ಮಾವ ಅದನ್ನು ಎರಡು ಸಲ ಓದಿದರು. "ನಿನ್ನ ತಪ್ಪು ಇಟ್ಕೊಂಡು ನಾನೇನಮ್ಮಾ ಮಾಡ್ಲಿ?" ಎಂದು ನಿಜವಾಗಿಯೂ ನೊಂದುಕೊಂಡರು. ಆದರೂ ಅಂಗೈ ಲೋಟದಿಂದ ಮೇಲೆದ್ದಿತು. "ತಗೋ. ಓಡ್ಬೇಡ, ಕುಲುಕುತ್ತೆ."

ಐದಡಿ ಒಂಬತ್ತಂಗುಲದ ಹೆಂಗಸು ಎರಡೂ ಕೈಯಲ್ಲಿ ಹೆಬ್ಬೆರಳಷ್ಟು ಸೀಸೆ ಹಿಡಿದು, ಕಾಲು ಎಳೆದೆಳೆದು ಹಾಕುತ್ತ ಆವರಣ ದಾಟಿದ್ದನ್ನು ಆ ದಿನ ಬಹಳ ಮಂದಿ ನೋಡಿದರು. ಒಬ್ಬರು ಆಕೆಗೆ ಕಾಲು ಉಳುಕಿದೆಯೆಂದು ಕುರ್ಚಿಯನ್ನೂ ತಂದರು.

ಮೂರನೇ ಮಹಡಿಯಲ್ಲಿ ಆಕೆ ದ್ರಾವಣವನ್ನು ಬ್ಯಾಕ್ಟೀರಿಯಾ ದಾಟಲಾರದಷ್ಟು ಸಣ್ಣ ರಂಧ್ರದ ಸೋಸಕದಲ್ಲಿ ಸೋಸಿದಳು. ಸೋಸಕಕ್ಕೂ ಒಂದಿಷ್ಟು ಪ್ರೋಟೀನು ಅಂಟಿಕೊಳ್ಳುತ್ತದೆ. ಅಂಟುವುದೇ ಅದರ ಸ್ವಭಾವವಾದ್ದರಿಂದ ದೂರುವಂತಿಲ್ಲ. ಉಳಿದದ್ದೆಷ್ಟು ಎಂದು ಯಂತ್ರದಲ್ಲಿ ಅಳೆದಳು. ಮಿಲಿಲೀಟರಿಗೆ ನೂರು ಮೈಕ್ರೋಗ್ರಾಂ ಇರಬೇಕಾದಲ್ಲಿ ಎಂಬತ್ತೊಂದು ಇತ್ತು. ಸಾಕು. ಆರು ಗುಂಡಿಗಳ ತಟ್ಟೆಯಲ್ಲಿ ಐದಕ್ಕೆ ತಲಾ ಹತ್ತು ಮೈಕ್ರೋಗ್ರಾಂ ಬೀಳುವಂತೆ ಹಾಕಿದಳು. ಆರನೆಯದನ್ನು ಹೋಲಿಕೆಗಾಗಿ ಹಾಗೇ ಬಿಟ್ಟಳು. ತಟ್ಟೆ ಬೆಚ್ಚನೆಯ ಪೆಟ್ಟಿಗೆ ಸೇರಿದಾಗ ಹನ್ನೊಂದು ಐವತ್ತೆಂಟು. ಹನ್ನೆರಡು ಐವತ್ತೆಂಟಕ್ಕೆ ಹೊರತೆಗೆದು, ದ್ರವ ಬಸಿದು, ಆರೂ ಗುಂಡಿಗಳಿಗೆ ಕೋಶಗಳನ್ನು ಬಿಟ್ಟಳು. ಕೊನೆಯ ಗುಂಡಿ ಮುಗಿದಾಗ ಗಡುವು ಎರಡು ನಿಮಿಷ ಮೀರಿತ್ತು. ಮೀರಿದ್ದನ್ನೂ ಬರೆದುಕೊಂಡಳು.

ನಾಲ್ಕು ಗಂಟೆಗೆ ಮಾವ ಬಂದರು. "ಅಂಟದೆ ಇರೋ ಅಂಟು ಏನನ್ನ ಅಂಟಿಸುತ್ತೆ ಅಂತ ನೋಡ್ಬೇಕಿತ್ತು," ಎಂದರು. ಎರಡು ನಿಮಿಷಕ್ಕೆ ಸ್ಟೋರಮ್ಮ ಬಂದರು. ಸರಕು ಸರಿಯಾಗಿ ಬಳಕೆಯಾಗಿದೆಯೇ ಎಂದು ಪರಿಶೀಲಿಸಲು ಬಂದಿರುವುದಾಗಿ ಹೇಳಿದರು. ಇಪ್ಪತ್ತಾರು ವರ್ಷಗಳಲ್ಲಿ ಅವರು ಇಂಥ ಪರಿಶೀಲನೆಗೆ ಮೆಟ್ಟಿಲು ಹತ್ತಿದ್ದು ಇದೇ ಮೊದಲು. ಇಬ್ಬರಿಗೂ ನೀಲಿ ಟೋಪಿ ಹಾಕಿಸಿ, ಯಾವುದನ್ನೂ ಮುಟ್ಟಬೇಡಿ ಎಂದು ಪುಟ್ಟಿ ಸೂಕ್ಷ್ಮದರ್ಶಕದ ಮುಂದೆ ಕೂತಳು.

ಮೊದಲು ಆರನೆಯ ಗುಂಡಿ. ಕೋಶಗಳು ದುಂಡಗೆ, ಹೊಳೆಯುತ್ತ, ತಟ್ಟೆ ಸ್ವಲ್ಪ ಓರೆಯಾದರೆ ಗೋಲಿಗಳಂತೆ ಉರುಳುತ್ತಿದ್ದವು. ಹಿಂದಿನ ಎರಡು ಸಲ ನೋಡಿದ ದೃಶ್ಯವೇ. ತಟ್ಟೆಯನ್ನು ಸರಿಸಿ ಒಂದನೆಯ ಗುಂಡಿಗೆ ಕಣ್ಣಿಟ್ಟಳು.

ಅಲ್ಲಿ ಯಾವುದೂ ಉರುಳುತ್ತಿರಲಿಲ್ಲ. ಕೋಶಗಳು ಚಪ್ಪಟೆಯಾಗಿ, ಅಂಚುಗಳನ್ನು ಸುತ್ತ ಚಾಚಿ, ನೆಲ ಕಚ್ಚಿ ಕೂತಿದ್ದವು. ಎರಡನೆಯದರಲ್ಲೂ ಹಾಗೇ. ಐದರಲ್ಲೂ ಹಾಗೇ. ಪುಟ್ಟಿ ಎಣಿಸಿದಳು, ಮತ್ತೆ ಎಣಿಸಿದಳು. ನೂರಕ್ಕೆ ಎಪ್ಪತ್ತಕ್ಕಿಂತ ಕಡಿಮೆ ಎಲ್ಲೂ ಇರಲಿಲ್ಲ.

"ಏನಾಯ್ತೇ? ಮಾತಾಡೇ," ಎಂದರು ಸ್ಟೋರಮ್ಮ.

"ಅಂಟ್ಕೊಂಡಿವೆ."

ಮಾವ ಕಣ್ಣಿಟ್ಟು ಬಹಳ ಹೊತ್ತು ನೋಡಿದರು. "ಬೆರಳಿಗೆ ಹತ್ತಲಿಲ್ಲ, ಇವಕ್ಕೆ ಹತ್ತಿದೆಯಲ್ಲ!"

"ಬೆರಳಿನ ಚರ್ಮದ ಮೇಲಿರೋದು ಸತ್ತ ಕೋಶ ಮಾವಾ. ಇದನ್ನ ಹಿಡ್ಕೊಳ್ಳೋಕೆ ಜೀವ ಇರ್ಬೇಕು, ಹಿಡ್ಕೊಳ್ಳೋ ಕೈ ಇರ್ಬೇಕು."

"ನಾನೂ ನೋಡ್ಬೇಕು, ಸರೀರಿ," ಎಂದು ಸ್ಟೋರಮ್ಮ ಬೀಗರನ್ನು ಮೊಣಕೈಯಲ್ಲಿ ದೂಡಿದರು. ನೋಡಿದರು. "ಇಷ್ಟೊಂದಿದ್ವಾ ಆ ಸೀಸೆಯಲ್ಲಿ?"

"ಸೀಸೆಯಲ್ಲಿದ್ದದ್ದು ಕೋಶ ಅಲ್ಲಮ್ಮಾ, ಕೋಶದ ಅಂಟು."

"ಅದನ್ನೇ ತಾನೇ ನಾನೂ ಬರೆದಿದ್ದು," ಎಂದರು ಸ್ಟೋರಮ್ಮ, ಕಣ್ಣು ತೆಗೆಯದೆ.

ಅಷ್ಟರಲ್ಲಿ ದೊಡ್ಡ ಮೇಡಂ ಒಳಗೆ ಬಂದರು. ನೀಲಿ ಟೋಪಿ ಹಾಕಿಕೊಂಡ ಸ್ಟೋರಮ್ಮನನ್ನೂ ಬೈಂಡರನ್ನೂ ನೋಡಿ ಹುಬ್ಬೇರಿಸಿದರು. ಏನೂ ಕೇಳದೆ ಆರೂ ಗುಂಡಿಗಳನ್ನು ನೋಡಿ, ಮತ್ತೆ ಆರನೆಯದಕ್ಕೆ ಹಿಂದಿರುಗಿ, ತಲೆ ಎತ್ತಿದರು.

"ಚೆನ್ನಾಗಿದೆ. ಇನ್ನೂ ಎರಡು ಸಲ ಮಾಡಿ ಇದೇ ಬಂದ್ರೆ ನಂಬ್ತೀನಿ. ಅಲ್ಲೀವರೆಗೆ ಟೇಬಲ್ಲು ನಿಂದೇ. ಪುಸ್ತಕ ಕೊಡು, ವಿಧಾನ ನೋಡೋಣ. ಮುಂದಿನ ಸಲ ಕೂದಲೆಳೆಯಷ್ಟೂ ವ್ಯತ್ಯಾಸ ಆಗ್ಬಾರದು."

ಪುಟ್ಟಿ ಪ್ರಯೋಗದ ಪುಸ್ತಕ ತೆರೆದಳು. ಎಲ್ಲವೂ ತುಂಬಿತ್ತು: ನೀರಿನ ಬಗೆ, ತೊಟ್ಟಿನ ಎಣಿಕೆ, ಅಲುಗಾಡಿಸದೆ ಬಿಟ್ಟ ಸಮಯ, ಮುಚ್ಚಿದ ಕಾಗದದ ಲೋಟ, ಸೋಸಿದ ಮೇಲಿನ ಅಳತೆ. 'ಪ್ರೋಟೀನು ಕರಗಿಸಿದವರು' ಎಂಬ ಒಂದು ಖಾನೆ ಮಾತ್ರ ಖಾಲಿ ಉಳಿದಿತ್ತು. ಆಕೆ ಪೆನ್ನು ತೆಗೆದು 'ಮಾವ' ಎಂದು ಬರೆದಳು. ನಿಯಮದಂತೆ, ಓದಲು ಬರುವ ಹಾಗೆ ಒಂದೇ ಗೆರೆ ಎಳೆದು ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿ, 'ಪುಸ್ತಕ ಕಟ್ಟುವ ವಿಭಾಗ' ಎಂದು ಬರೆದಳು.

ಮೇಡಂ ಓದಿದರು. ಹೊಡೆದುಹಾಕಿದ್ದನ್ನೂ ಓದಿದರು. ಆಮೇಲೆ ನೀಲಿ ಟೋಪಿಯ ಬೈಂಡರ್ ಕಡೆ ತಿರುಗಿ ಕೇಳಿದರು:

"ಮುಂದಿನ ತಿಂಗಳು ಹದಿನಾಲ್ಕಕ್ಕೆ ಬೆಳಿಗ್ಗೆ ಬಿಡುವಿದೆಯಾ ನಿಮಗೆ?"